ಹಾಡದ ಕ್ಯಾನರಿ

ಭಾನುಪ್ರಿಯಾ ಪಂಜರವನ್ನು ನಡುಮನೆಯ ಮೇಜಿನ ಮೇಲಿಟ್ಟು, ಅದಕ್ಕೆ ಹೊದಿಸಿದ್ದ ಟವೆಲ್ ತೆಗೆದಳು. ಒಳಗೆ ನಿಂಬೆಹಣ್ಣಿನ ಬಣ್ಣದ ಪುಟ್ಟ ಹಕ್ಕಿಯೊಂದು ಕಡ್ಡಿಯ ಮೇಲೆ ಮೈ ಉಬ್ಬಿಸಿಕೊಂಡು ಕೂತಿತ್ತು. ಬಸ್ಸಿನ ಕುಲುಕಾಟಕ್ಕೆ ಹೆದರಿದ್ದು ಇನ್ನೂ ಹೋಗಿರಲಿಲ್ಲ.

“ಕ್ಯಾನರಿ ಮಿಸ್. ಹಾಡೋ ಹಕ್ಕಿ. ಚಿಕ್ಕಬಳ್ಳಾಪುರದಲ್ಲಿ ಮುರಳಿಮೋಹನ್ ಅಂತ ಒಬ್ಬರು ಸಾಕ್ತಾರೆ, ಅವರ ಹತ್ರ ತಂದೆ. ಮನೇಲಿ ಒಂದು ಸ್ವರ ಇರ್ಲಿ ಅಂತ.”

“ಇದೆಲ್ಲ ಯಾಕಮ್ಮ ತರೋಕೆ ಹೋದೆ?” ಎಂದಳು ಶಾಂಭವಿ. ಭಾನುಪ್ರಿಯಾ ಮುಖವನ್ನು ಹತ್ತಿರ ತಂದು ಆ ಮಾತನ್ನು ಕೇಳಿಸಿಕೊಂಡಳು. ಶಾಂಭವಿ ಮಾತಾಡಿದರೆ ಎಲ್ಲರೂ ಹಾಗೇ ಮುಖ ಹತ್ತಿರ ತರಬೇಕಿತ್ತು.

ಅವಳ ಧ್ವನಿ ಹೋಗಿ ಮೂರು ವರ್ಷವಾಗಿತ್ತು. ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಬೆಳೆದು, ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದಳು. ಗಂಟಿನ ಜೊತೆಗೆ ಅದರ ಪಕ್ಕದ ನರವೂ ಸೋತುಹೋಯಿತು. ಅಪರೂಪಕ್ಕೆ ಹೀಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು, ಬೈಯಲು ಯಾರೂ ಇರಲಿಲ್ಲ. ಉಳಿದದ್ದು ಒಂದು ಒಣ ಪಿಸುದನಿ. ಅದರಲ್ಲಿ ಉಪ್ಪು, ಹಾಲು ಕೇಳಬಹುದಿತ್ತು. ಷಡ್ಜ ಹಿಡಿಯಲು ಆಗುತ್ತಿರಲಿಲ್ಲ.

ಶಿಡ್ಲಘಟ್ಟದ ಆ ಮನೆಯಲ್ಲಿ ಅವಳು ಇಪ್ಪತ್ತು ವರ್ಷ ಸಂಗೀತ ಹೇಳಿಕೊಟ್ಟಿದ್ದಳು. ಶಾಲೆ ಮೇಷ್ಟ್ರುಗಳ ಮಕ್ಕಳು, ರೇಷ್ಮೆ ನೂಲು ತೆಗೆಯುವವರ ಮಕ್ಕಳು ಸಂಜೆ ಜಮಖಾನದ ಮೇಲೆ ಸಾಲಾಗಿ ಕೂತು ಸರಳೆ ವರಸೆ ಹಾಡುತ್ತಿದ್ದರು. ಪಕ್ಕದ ಬೀದಿಯಿಂದ ರೇಷ್ಮೆ ಗೂಡು ಬೇಯಿಸುವ ವಾಸನೆ ಬರುತ್ತಿತ್ತು, ಹೊಸ ಮಕ್ಕಳು ಮೂಗು ಮುಚ್ಚಿಕೊಂಡೇ ‘ಸ ರಿ ಗ ಮ’ ಎನ್ನುತ್ತಿದ್ದರು. ಹೇಳಿಕೊಡುವವಳೇ ಹಾಡಲಾರದೆ ಹೋದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಭಾನುಪ್ರಿಯಾ ಒಬ್ಬಳು ಮಾತ್ರ ಪಾಠವಿಲ್ಲದಿದ್ದರೂ ಬಂದು ಹೋಗುತ್ತಿದ್ದಳು. ಈಗ ಅವಳಿಗೂ ಗೌರಿಬಿದನೂರಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತ್ತು. ಹಕ್ಕಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿ ಹೊರಟಳು.

ಶಾಂಭವಿ ಮದುವೆಯಾಗಿರಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಪಾಠ, ಸಂಗೀತ ಕಚೇರಿ, ಕೈವಾರದ ಭಜನೆ ಎಂದು ಓಡಾಡುತ್ತಿದ್ದಾಗ ವಯಸ್ಸು ದಾಟಿತ್ತು. ಹಾಡುತ್ತಿದ್ದಾಗ ಮನೆಯಲ್ಲಿ ಒಬ್ಬಳೇ ಇದ್ದೇನೆ ಎಂದು ಅನಿಸುತ್ತಲೇ ಇರಲಿಲ್ಲ. ಈಗ ತರಕಾರಿ ಗಾಡಿಯವನನ್ನು ಕೂಗಿ ನಿಲ್ಲಿಸಲೂ ಆಗದೆ, ಕಿಟಕಿಯ ಸರಳಿಗೆ ಚಮಚದಿಂದ ಕುಟ್ಟುತ್ತಿದ್ದಳು. ಫೋನಿನಲ್ಲಿ “ಹಲೋ, ಹಲೋ, ಯಾರ್ರೀ, ಏನೂ ಕೇಳಿಸ್ತಿಲ್ಲ” ಎಂದು ಜನ ಇಟ್ಟುಬಿಡುತ್ತಿದ್ದರು. ಆಮೇಲಾಮೇಲೆ ಫೋನು ಮಾಡುವುದನ್ನೇ ಬಿಟ್ಟಳು.

ಹಕ್ಕಿಗೆ ನವಣೆ ಮತ್ತು ಹುಚ್ಚೆಳ್ಳು ಹಾಕಿದಳು. ಅದು ಸಿಪ್ಪೆ ಬಿಡಿಸಿ ಬಿಡಿಸಿ ತಿನ್ನುವ ಸಣ್ಣ ಚಿಟಚಿಟ ಸದ್ದು ದಿನವಿಡೀ ಮನೆಯಲ್ಲಿ ಇರತೊಡಗಿತು. ನೀರಿನ ಬಟ್ಟಲಿಟ್ಟರೆ ಸ್ನಾನ ಮಾಡಿ, ಒದ್ದೆಯಾದ ಪುಕ್ಕಗಳನ್ನು ಕೊಕ್ಕಿನಿಂದ ಒಂದೊಂದಾಗಿ ನೇವರಿಸಿಕೊಳ್ಳುತ್ತಿತ್ತು. ಎಲ್ಲ ಸರಿ, ಹಾಡು ಮಾತ್ರ ಇಲ್ಲ. ಆಗಾಗ ‘ಚಿವ್’ ಎನ್ನುವುದು, ಅಷ್ಟೇ.

ಹೊಸ ಜಾಗ, ಹೊಂದಿಕೊಳ್ಳಲಿ ಎಂದು ಕಾದಳು. ದಸರಾ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಹಾರ್ಮೋನಿಯಂ ತೆಗೆದು ಧೂಳು ಒರೆಸಿ, ಪಂಜರದ ಮುಂದೆ ಕೂತು ಮಾಯಾಮಾಳವಗೌಳದ ಸ್ವರಗಳನ್ನು ನಿಧಾನವಾಗಿ ನುಡಿಸಿದಳು. ಹಕ್ಕಿ ತಲೆ ಓರೆ ಮಾಡಿ ಕೇಳಿತು. ಮಾರನೆಯ ದಿನವೂ ನುಡಿಸಿದಳು. ಅದೇ ಅಭ್ಯಾಸವಾಯಿತು.

ಹಾರ್ಮೋನಿಯಂ ಕೇಳಿ ಮಹಡಿಯಿಂದ ಸುಧೀಂದ್ರ ಇಳಿದು ಬಂದರು. ಚಿಂತಾಮಣಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು, ಹೆಂಡತಿ ತೀರಿಕೊಂಡ ಮೇಲೆ ಶಾಂಭವಿಯ ಮಹಡಿ ಮನೆಗೆ ಬಾಡಿಗೆಗೆ ಬಂದಿದ್ದರು. ಒಬ್ಬಂಟಿ ಮನುಷ್ಯ, ಮಾತು ಜಾಸ್ತಿ. ಹಕ್ಕಿಯನ್ನು ನೋಡಿ ಅವರಿಗೆ ತರಗತಿ ಸಿಕ್ಕಿದಷ್ಟು ಖುಷಿಯಾಯಿತು.

“ನೀವು ಮಾಡ್ತಿರೋದು ಹೊಸದೇನಲ್ಲ, ಶಾಂಭವಿಯವರೇ. ಯೂರೋಪಿನಲ್ಲಿ ಇದಕ್ಕೆ ಅಂತಲೇ ಸಣ್ಣ ಪೆಟ್ಟಿಗೆ ಇತ್ತು. ಹಿಡಿ ತಿರುಗಿಸಿದ್ರೆ ಒಂದು ಧಾಟಿ ಬರೋದು. ದಿನಾ ಅದನ್ನೇ ಕೇಳಿಸಿ ಹಕ್ಕಿಗೆ ಕಲಿಸೋರು, ದೊಡ್ಡ ಮನೆತನದ ಹೆಂಗಸರು.”

ಅವತ್ತಿನಿಂದ ಬೆಳಗಿನ ಕಾಫಿಗೆ ಅವರು ಕೆಳಗೆ ಬರುವುದು ರೂಢಿಯಾಯಿತು. ಅವರು ಹೇಳುತ್ತಿದ್ದರು, ಅವಳು ಕೇಳುತ್ತಿದ್ದಳು. ಆಫ್ರಿಕಾದ ಪಕ್ಕದ ದ್ವೀಪಗಳಿಂದ ನಾವಿಕರು ಈ ಹಕ್ಕಿಯನ್ನು ಹಿಡಿದು ತಂದದ್ದು, ರಾಜರ ಮನೆಗಳಿಂದ ಅದು ಚಮ್ಮಾರರ, ನೇಕಾರರ ಮನೆಗೆ ಇಳಿದದ್ದು. ಕಲ್ಲಿದ್ದಲ ಗಣಿಗೆ ಅದನ್ನು ಸಣ್ಣ ಪಂಜರದಲ್ಲಿ ಹಿಡಿದು ಇಳಿಯುತ್ತಿದ್ದರಂತೆ. ವಿಷದ ಗಾಳಿ ಇದ್ದರೆ ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತಿತ್ತು, ಕೆಲಸಗಾರರು ಮೇಲಕ್ಕೆ ಓಡುತ್ತಿದ್ದರು.

“ನಮ್ಮ ಕೋಲಾರದ ಗಣೀಲೂ ಇತ್ತಾ?” ಎಂದು ಶಾಂಭವಿ ಕೇಳಿದಳು.

“ಅದು ನಂಗೊತ್ತಿಲ್ಲ. ನಮ್ಮ ತಂದೆ ಅಲ್ಲಿ ಗುಮಾಸ್ತರಾಗಿದ್ರು, ಆದ್ರೆ ಅವರು ಹೇಳಿದ್ದು ನೆನಪಿಲ್ಲ. ಪೊಲೀಸರ ಹತ್ರ ಬಾಯಿ ಬಿಡೋನಿಗೂ ಇಂಗ್ಲಿಷಿನಲ್ಲಿ ಕ್ಯಾನರಿ ಅಂತಾರೆ. ಒಟ್ನಲ್ಲಿ ಎಲ್ಲ ಕಡೆ ಅದು ಹಾಡ್ಲೇಬೇಕು.”

ಶಾಂಭವಿ ಪಂಜರದ ಕಡೆ ನೋಡಿದಳು. ಹಕ್ಕಿ ಕೊಕ್ಕನ್ನು ಕಡ್ಡಿಗೆ ಉಜ್ಜುತ್ತಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ ಸುಧೀಂದ್ರ ಕಥೆ ಕಾದಂಬರಿಗಳ ಕಡೆಗೆ ತಿರುಗಿದರು. ಲೋಟ ಕೈಯಲ್ಲಿ ಹಿಡಿದು, ಮುಂದೆ ಹುಡುಗರು ಕೂತಿದ್ದಾರೆ ಎಂಬಂತೆ ಹೇಳತೊಡಗಿದರು. “ಇಂಗ್ಲಿಷ್ ಕಥೇಲಿ ಒಂದು ಕ್ಯಾನರಿ ಬಂತು ಅಂದ್ರೆ, ಪಕ್ಕದಲ್ಲಿ ಒಬ್ಬಂಟಿ ಹೆಂಗಸು ಇದ್ದೇ ಇರ್ತಾಳೆ. ಮದುವೆ ಆಗದೋಳು, ಇಲ್ಲ ಗಂಡನ ಮನೇಲಿ ಬಾಯಿ ಮುಚ್ಚಿಸಿಕೊಂಡೋಳು. ಪಂಜರ ಕಂಡ ಕೂಡಲೇ ಓದೋರಿಗೆ ಗೊತ್ತಾಗಿಬಿಡುತ್ತೆ. ಆ ಹಕ್ಕೀನೇ ಅವಳು. ಕೊನೇಲಿ ಅದು ಸಾಯಬೇಕು, ಸಾಯುತ್ತೆ.”

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂಬುದು ಅವರಿಗೆ ಹೊಳೆಯಿತು. ಲೋಟವನ್ನು ಕೆಳಗಿಟ್ಟರು.

“ಅಂದ್ರೆ... ಅದು ಬರೀ ಸಂಕೇತ.”

“ಹೂಂ,” ಎಂದಳು ಶಾಂಭವಿ. ಲೋಟ ತೆಗೆದುಕೊಂಡು ಒಳಗೆ ಹೋದಳು. ಮಾರನೆಯ ದಿನ ಬಾಗಿಲು ತಟ್ಟಿದಾಗ ಅರ್ಧ ತೆರೆದು, “ಸ್ವಲ್ಪ ಕೆಲಸ ಇದೆ ಮೇಷ್ಟ್ರೇ” ಎಂದಳು. ಅದರ ಮಾರನೆಯ ದಿನವೂ ಅದನ್ನೇ ಹೇಳಿದಳು. ಅವರು ತಟ್ಟುವುದನ್ನು ಬಿಟ್ಟರು.

ಚಳಿಗಾಲ ದೀರ್ಘವಾಯಿತು. ಬೆಳಗಿನ ಮಂಜಿನಲ್ಲಿ ಗೂಡಿನ ಮಾರುಕಟ್ಟೆಗೆ ಹೋಗುವ ಗಾಡಿಗಳ ಸದ್ದು ಕೇಳುತ್ತಿತ್ತು, ಮಹಡಿಯಲ್ಲಿ ಸುಧೀಂದ್ರರು ಕುರ್ಚಿ ಎಳೆಯುವ ಸದ್ದು ಕೇಳುತ್ತಿತ್ತು. ಹಾರ್ಮೋನಿಯಂ ನುಡಿಸುವುದನ್ನು ಅವಳು ನಿಲ್ಲಿಸಿದ್ದಳು. ಅವರ ಮಾತು ಮನಸ್ಸಿನಿಂದ ಹೋಗಲಿಲ್ಲ. ಹಾಲಿನವಳು ಪಂಜರ ನೋಡಿದರೆ, ಎದುರು ಮನೆಯ ವೆಂಕಟರತ್ನಮ್ಮ ಕಿಟಕಿಯಿಂದ ಇಣುಕಿದರೆ, ಇವರೂ ತನ್ನನ್ನು ಹಾಗೇ ಓದಿಬಿಟ್ಟರೇನೋ ಎನಿಸುತ್ತಿತ್ತು. ಪಂಜರವನ್ನು ಬೀದಿಗೆ ಕಾಣದಂತೆ ಒಳಗಿನ ಕೋಣೆಗೆ ಒಯ್ದಳು. ಆಮೇಲೆ ಬೆಳಕಿಲ್ಲದೆ ಅದು ಮಂಕಾದದ್ದು ಕಂಡು ಮತ್ತೆ ತಂದು ಮೊದಲಿನ ಜಾಗದಲ್ಲೇ ಇಟ್ಟಳು.

ಶಿವರಾತ್ರಿಯ ಹೊತ್ತಿಗೆ ಹಕ್ಕಿಯ ನಡವಳಿಕೆ ಬದಲಾಯಿತು. ತಳಕ್ಕೆ ಹಾಸಿದ್ದ ನ್ಯೂಸ್‌ಪೇಪರನ್ನು ಎಳೆ ಎಳೆಯಾಗಿ ಹರಿದು, ಬಾಯಲ್ಲಿ ಕಚ್ಚಿಕೊಂಡು ಆ ಮೂಲೆಗೊಮ್ಮೆ ಈ ಮೂಲೆಗೊಮ್ಮೆ ಹಾರುತ್ತಿತ್ತು. ಕಾಳು ಸರಿಯಾಗಿ ತಿನ್ನಲಿಲ್ಲ. ಕಾಯಿಲೆ ಬಂತು, ಇನ್ನು ಸಾಯುತ್ತದೆ ಎಂದು ಶಾಂಭವಿ ಅಂದುಕೊಂಡಳು. ಆ ಕಥೆಗಳು ನಿಜವಾಗುತ್ತವೆ ಎಂಬ ಸಿಟ್ಟೂ ಬಂತು.

ಒಂದು ಬೆಳಿಗ್ಗೆ ನೀರು ಬದಲಿಸಲು ಹೋದಾಗ ಹಕ್ಕಿ ಹರಿದ ಕಾಗದದ ಮೇಲೆ ಕೂತಿತ್ತು. ಕೈ ಹಾಕಿದರೂ ಏಳಲಿಲ್ಲ. ಮೆಲ್ಲಗೆ ಸರಿಸಿದಳು. ಅದರ ಕೆಳಗೆ ಒಂದು ಮೊಟ್ಟೆ ಇತ್ತು. ಸುಗಂಧರಾಜದ ಮೊಗ್ಗಿನಷ್ಟು ಚಿಕ್ಕದು, ತಿಳಿ ನೀಲಿ, ಮೇಲೆ ಕಂದು ಚುಕ್ಕೆ.

ಆ ಮನೆಯೊಳಗೆ ಅಲ್ಲಿಯವರೆಗೆ ಒಂದು ಮೊಟ್ಟೆಯೂ ಬಂದಿರಲಿಲ್ಲ. ಈಗ ದೇವರ ಕೋಣೆಯ ಗೋಡೆಗೆ ಒತ್ತಿಕೊಂಡೇ ಒಂದು ಇತ್ತು. ಶಾಂಭವಿಗೆ ನಗು ಬಂತು. ಅವಳ ನಗುವಿಗೆ ಸದ್ದಿರಲಿಲ್ಲ, ಬರೀ ಉಸಿರು. ಹೆಗಲು ಮಾತ್ರ ಕುಣಿಯಿತು. ನಕ್ಕು ಮುಗಿದ ಮೇಲೆ ಯಾರಿಗಾದರೂ ಹೇಳಬೇಕು ಎನಿಸಿತು. ಹೇಳಲು ಒಬ್ಬರೇ ಇದ್ದರು. ಮೂರು ತಿಂಗಳಾದ ಮೇಲೆ ಅವಳು ಮಹಡಿ ಮೆಟ್ಟಿಲು ಹತ್ತಿದಳು.

“ಮೇಷ್ಟ್ರೇ, ಸ್ವಲ್ಪ ಕೆಳಗೆ ಬನ್ನಿ.”

ಸುಧೀಂದ್ರ ಬನಿಯನ್ನಿನ ಮೇಲೆ ಟವೆಲ್ ಹೊದ್ದುಕೊಂಡು ಗಾಬರಿಯಲ್ಲಿ ಇಳಿದು ಬಂದರು. ಪಂಜರದೊಳಗೆ ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಹೆಣ್ಣು,” ಎಂದರು.

“ಹೆಣ್ಣು,” ಎಂದಳು ಶಾಂಭವಿ. “ಅದಕ್ಕೇ ಹಾಡಿಲ್ಲ. ನಾನು ಹಾರ್ಮೋನಿಯಂ ಬಾರಿಸಿದ್ದೇ ಬಾರಿಸಿದ್ದು.”

ಅವರು ಪಂಜರದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, “ನಲವತ್ತು ವರ್ಷ ಓದಿದೀನಿ ಶಾಂಭವಿಯವರೇ. ಯಾವ ಪುಸ್ತಕದಲ್ಲೂ ಕ್ಯಾನರಿ ಮೊಟ್ಟೆ ಇಟ್ಟದ್ದು ಕಾಣೆ,” ಎಂದರು. “ಅವತ್ತು ನಾನು ಹಾಗೆ ಅನ್ನಬಾರದಿತ್ತು” ಎಂದೂ ಹೇಳಿದರು.

“ಕಾಫಿ ಕುಡೀತೀರಾ?” ಎಂದಳು ಅವಳು.

ಹಕ್ಕಿ ಇನ್ನೂ ಮೂರು ಮೊಟ್ಟೆ ಇಟ್ಟಿತು. ಶಾಂಭವಿ ಒಂದು ತೆಂಗಿನ ಚಿಪ್ಪಿಗೆ ಹತ್ತಿ ಹಾಸಿ ಅದರಲ್ಲಿ ಅವನ್ನಿಟ್ಟಳು. ಭಾನುಪ್ರಿಯಾಳಿಂದ ಮುರಳಿಮೋಹನನ ನಂಬರ್ ತೆಗೆದುಕೊಂಡು ಮೆಸೇಜ್ ಹಾಕಿದಳು. ಕೂಡಲೇ ಉತ್ತರ ಬಂತು. ಕ್ಯಾನರಿಯಲ್ಲಿ ಹಾಡುವುದು ಗಂಡೇ, ಆದರೆ ಗಂಡು ಹೆಣ್ಣು ನೋಡಲು ಒಂದೇ ಥರ, ತನಗೆ ಕೊಟ್ಟವರು ಗಂಡು ಎಂದಿದ್ದರು, ತಪ್ಪಾಯಿತು. ಜೋಡಿ ಇಲ್ಲದೆ ಇಟ್ಟ ಮೊಟ್ಟೆ ಮರಿಯಾಗುವುದಿಲ್ಲ. ಆದರೂ ತೆಗೆಯಬೇಡಿ, ತೆಗೆದರೆ ಮತ್ತೆ ಇಡುತ್ತದೆ, ನಿತ್ರಾಣವಾಗುತ್ತದೆ. ತಾನಾಗಿ ಬಿಡುವವರೆಗೆ ಕೂರಲಿ. ಆಮೇಲೆ ತಂದುಕೊಡಿ, ಚೆನ್ನಾಗಿ ಹಾಡುವ ಗಂಡು ಕೊಡುತ್ತೇನೆ.

ಹಕ್ಕಿ ಕೂತಿತು. ಬಿಸಿಲು ಏರಿದರೂ, ಪಕ್ಕದ ಮನೆಯಲ್ಲಿ ಮಿಕ್ಸಿ ಕಿರುಚಿದರೂ ಏಳುತ್ತಿರಲಿಲ್ಲ. ದಿನಕ್ಕೆ ಒಂದೆರಡು ಸಲ ಇಳಿದು ಆತುರದಲ್ಲಿ ನಾಲ್ಕು ಕಾಳು ತಿಂದು ಮತ್ತೆ ಹೋಗಿ ಕೂರುತ್ತಿತ್ತು. ಗಂಡು ಇದ್ದಿದ್ದರೆ ತಾನೇ ತಂದು ಉಣಿಸುತ್ತಿತ್ತು ಎಂದು ಮುರಳಿಮೋಹನ್ ಬರೆದಿದ್ದ. ಶಾಂಭವಿ ಸೌತೆಕಾಯಿ ತುಂಡನ್ನು ಅದರ ಬಾಯಿಯ ಹತ್ತಿರ ಹಿಡಿದಳು. ಮೊದಲ ದಿನ ಹೆದರಿತು. ಎರಡನೆಯ ದಿನ ಕೊಕ್ಕು ಚಾಚಿ ತೆಗೆದುಕೊಂಡಿತು. ಮೊಟ್ಟೆಗಳೊಳಗೆ ಏನೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು, ಹಕ್ಕಿಗೆ ಗೊತ್ತಿರಲಿಲ್ಲ. ಅದನ್ನು ನೋಡುತ್ತಾ ಕೂರುವುದು ಅವಳಿಗೆ ಬಹಳ ಕಷ್ಟವಾಯಿತು.

ಕಡೆಗೊಂದು ದಿನ ಅದು ಎದ್ದು ಕಡ್ಡಿಯ ತುದಿಗೆ ಹೋಗಿ ಕೂತಿತು. ಮೊಟ್ಟೆಗಳ ಕಡೆ ತಿರುಗಿ ನೋಡಲಿಲ್ಲ. ಶಾಂಭವಿ ಚಿಪ್ಪನ್ನು ತೆಗೆದು, ಹಿತ್ತಿಲ ಕರಿಬೇವಿನ ಬುಡದಲ್ಲಿ ಮಣ್ಣು ಮುಚ್ಚಿದಳು.

ಮರುದಿನ ಪಂಜರಕ್ಕೆ ಟವೆಲ್ ಹೊದಿಸಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದಳು. ಸುಧೀಂದ್ರ ಜೊತೆಗೆ ಬರುತ್ತೇನೆ ಎಂದರು, ಬೇಡ ಎಂದಳು. ಮುರಳಿಮೋಹನ್ ಕೊರಿಯರ್ ಆಫೀಸಿನಲ್ಲಿ ಕೆಲಸ ಮಾಡುವ ತೆಳ್ಳನೆಯ ಯುವಕ. ಮನೆಯ ತಾರಸಿಯ ಮೇಲೆ ಶೀಟು ಹಾಕಿದ ಒಂದು ಕೋಣೆಯಲ್ಲಿ ಹಕ್ಕಿ ಸಾಕಿದ್ದ. ಮೆಟ್ಟಿಲು ಹತ್ತುವಾಗಲೇ ಅವಳಿಗೆ ಹಾಡು ಕೇಳಿಸಿತು. ಅರ್ಧದಲ್ಲೇ ನಿಂತುಬಿಟ್ಟಳು.

ಬಿಡಿ ಸ್ವರಗಳಿಂದ ಶುರುವಾಗಿ, ಅವೆಲ್ಲ ಒಂದಾಗಿ ಉರುಳಿ, ಒಂದೇ ಉಸಿರಿನಲ್ಲಿ ಮೇಲಿನ ಸ್ಥಾಯಿಗೆ ಏರಿ ಅಲ್ಲೇ ನಡುಗುತ್ತಾ ನಿಲ್ಲುವ ಹಾಡು. ಅಷ್ಟು ಸಣ್ಣ ಗಂಟಲಿನಲ್ಲಿ ಅಷ್ಟು ಉಸಿರು ಎಲ್ಲಿತ್ತೋ. ಅವಳ ಕೈ ತಾನಾಗಿ ಕುತ್ತಿಗೆಯ ಹೊಲಿಗೆಯ ಗೆರೆಯನ್ನು ಮುಟ್ಟಿಕೊಂಡಿತು.

ಕೋಣೆಯಲ್ಲಿ ಐದಾರು ಗಂಡುಗಳು ಒಟ್ಟಿಗೆ ಹಾಡುತ್ತಿದ್ದವು. ಶಾಂಭವಿ ಏನೋ ಹೇಳಿದಳು. ಅವಳಿಗೇ ಕೇಳಿಸಲಿಲ್ಲ.

“ಏನ್ ಮೇಡಂ?”

ಮತ್ತೆ ಹೇಳಿದಳು. ಅವಳ ಬಾಯಿ ಅಲುಗುವುದನ್ನೂ ಕುತ್ತಿಗೆಯ ಗುರುತನ್ನೂ ಅವನು ನೋಡಿದ. ಮೂಲೆಯಲ್ಲಿದ್ದ ಹಳೆಯ ಬೆಡ್‌ಶೀಟುಗಳನ್ನು ತಂದು ಪಂಜರಗಳ ಮೇಲೆ ಒಂದಾದ ಮೇಲೊಂದು ಎಳೆದ. ಹಾಡು ಒಂದೊಂದಾಗಿ ಆರಿತು. ಕೋಣೆ ನಿಶ್ಶಬ್ದವಾಯಿತು.

“ಈಗ ಹೇಳಿ ಮೇಡಂ, ಕೇಳಿಸುತ್ತೆ.”

ಇಷ್ಟು ವರ್ಷದಲ್ಲಿ ಅವಳ ಮಾತಿಗಾಗಿ ಯಾರೂ ಸದ್ದು ನಿಲ್ಲಿಸಿರಲಿಲ್ಲ. ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಪಂಜರವನ್ನು ತೊಡೆಯ ಮೇಲಿಟ್ಟು ಟವೆಲ್ ತೆಗೆದಳು.

“ಇದನ್ನ ತಗೊಂಡ್ರೆ ಏನ್ ಮಾಡ್ತೀಯಪ್ಪ?” ಎಂದು ಕೇಳಿದಳು.

“ಜೋಡಿ ಮಾಡ್ತೀನಿ ಮೇಡಂ. ಒಳ್ಳೆ ವಯಸ್ಸು. ಬನ್ನಿ, ನೀವು ಗಂಡು ಆರಿಸ್ಕೊಳ್ಳಿ.”

ಅವನು ಕಿಟಕಿಯ ಪಕ್ಕದ ಪಂಜರದ ಬಟ್ಟೆ ಸರಿಸಿದ. ಒಳಗಿದ್ದ ಹಳದಿ ಗಂಡು ಎರಡು ಸಲ ಕಡ್ಡಿ ಬದಲಿಸಿ, ಗಂಟಲು ಉಬ್ಬಿಸಿ ಶುರುಮಾಡಿತು. ಶಾಂಭವಿಯ ತೊಡೆಯ ಮೇಲಿದ್ದ ಪಂಜರದಲ್ಲಿ ಅವಳ ಹಕ್ಕಿ ನೆಟ್ಟಗೆ ನಿಂತಿತು. ಮೈಯ ಪುಕ್ಕವೆಲ್ಲ ಅಂಟಿಕೊಂಡು ತೆಳ್ಳಗಾಯಿತು. ಆಮೇಲೆ ಕಡ್ಡಿಯ ಮೇಲೆ ಬಗ್ಗಿ, ರೆಕ್ಕೆ ನಡುಗಿಸುತ್ತಾ, ಅವಳು ಒಮ್ಮೆಯೂ ಕೇಳಿರದ ಒಂದು ಸಣ್ಣ ದನಿಯಲ್ಲಿ ಕರೆಯಿತು. ಮತ್ತೆ ಮತ್ತೆ ಕರೆಯಿತು.

“ಗಂಡು ಯಾವಾಗ್ಲೂ ಇಷ್ಟು ಹಾಡುತ್ತಾ?”

“ಜೋಡಿ ಇಲ್ವಲ್ಲ ಮೇಡಂ, ಅದಕ್ಕೇ. ಜೋಡಿ ಆದ್ಮೇಲೆ ಕಡಿಮೆ ಮಾಡುತ್ತೆ. ಹಾಡು ಬೇಕು ಅನ್ನೋರಿಗೆ ಒಂಟಿ ಗಂಡನ್ನೇ ಕೊಡೋದು. ಪಂಜರದಲ್ಲಿ ಕನ್ನಡೀನೂ ಇಡಬಾರದು, ಜೋಡಿ ಇದೆ ಅಂದ್ಕೊಳ್ಳುತ್ತೆ. ಒಬ್ನೇ ಇದ್ರೆ ಬೆಳಿಗ್ಗೆಯಿಂದ ಸಂಜೆವರೆಗೂ ಕರೀತಾನೇ ಇರುತ್ತೆ.”

ಶಾಂಭವಿ ಹಾಡನ್ನು ಕಡೆಯವರೆಗೆ ಕೇಳಿದಳು. ಬೇಕು ಎಂದು ಬಂದದ್ದು ಅದೇ. ಅದನ್ನು ಮನೆಗೊಯ್ದರೆ ಬೆಳಗಿನಿಂದ ಸಂಜೆಯವರೆಗೆ ನಡುಮನೆ ತುಂಬುತ್ತಿತ್ತು. ಅದು ಅಲ್ಲಿ ಯಾರನ್ನು ಕರೆಯುತ್ತದೆ, ಯಾರು ಓಗೊಡುತ್ತಾರೆ ಎಂದು ಯೋಚಿಸಿದಳು. ತಾನು ಕೂತು ಕೇಳಬಹುದಿತ್ತು. ಓಗೊಡಲು ಆಗುತ್ತಿರಲಿಲ್ಲ.

“ಇವೆರಡನ್ನೂ ಜೋಡಿ ಮಾಡು,” ಎಂದಳು.

“ಮತ್ತೆ ನಿಮಗೆ?”

“ನಂಗೆ ಬೇಡಪ್ಪ.”

ಅವನು ಒತ್ತಾಯಿಸಿದ, ಬೇರೆ ಗಂಡುಗಳನ್ನು ತೋರಿಸಿದ. ಅವಳು ತಲೆಯಾಡಿಸಿದಳು. ಪಂಜರವನ್ನೂ ಅಲ್ಲೇ ಬಿಟ್ಟಳು. ಹೊರಡುವ ಮುಂಚೆ ಬೆರಳನ್ನು ಸರಳಿನ ಸಂದಿಗೆ ಹಿಡಿದಳು. ಹಕ್ಕಿ ಅವಳ ಕಡೆ ತಿರುಗಲಿಲ್ಲ. ಸ್ವಲ್ಪ ನೋವಾಯಿತು, ಅದೇ ಸರಿ ಎಂದೂ ಅನಿಸಿತು. ತಾರಸಿಯಿಂದ ನಂದಿ ಬೆಟ್ಟ ಬಿಸಿಲಿನಲ್ಲಿ ಬೂದುಬಣ್ಣಕ್ಕೆ ತಿರುಗಿ ಕಾಣುತ್ತಿತ್ತು. ಮುರಳಿಮೋಹನ್ ಬೀದಿಯ ತಿರುವಿನವರೆಗೆ ಬಂದು ಬಸ್ಸು ತೋರಿಸಿದ.

ಮನೆಗೆ ಬಂದು ಮೇಜನ್ನು ಒರೆಸಿದಳು. ಮೂಲೆಗಳಲ್ಲಿ ನವಣೆಯ ಸಿಪ್ಪೆ ಎಷ್ಟು ಗುಡಿಸಿದರೂ ಸಿಗುತ್ತಲೇ ಇತ್ತು. ಸುಧೀಂದ್ರ ಇಳಿದು ಬಂದು ಬರಿದಾದ ಮೇಜು ನೋಡಿದರು. ಏನಾಯಿತು ಎಂದು ಕೇಳಿದರು, ಅವಳು ಹೇಳಿದಳು. ಅವರು ಯಾವ ಕಥೆಯನ್ನೂ ನೆನೆಸಿಕೊಳ್ಳಲಿಲ್ಲ. ಕಾಫಿ ಕುಡಿದು ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಯುಗಾದಿ ಕಳೆದ ಮೇಲೆ ಮುರಳಿಮೋಹನನ ಮೆಸೇಜ್ ಬಂತು. ಜೋಡಿಯಾದ ಮೇಲೆ ಹಕ್ಕಿ ಇಟ್ಟ ನಾಲ್ಕು ಮೊಟ್ಟೆಗಳಲ್ಲಿ ಎರಡು ಮರಿಯಾಗಿದ್ದವು. ಫೋಟೋದಲ್ಲಿ ಪುಕ್ಕವೂ ಇಲ್ಲದ, ಕೆಂಪು ಬಾಯಿ ತೆರೆದ ಎರಡು ಮುದ್ದೆಗಳಿದ್ದವು. ಗಂಡು ಈಗ ಅಷ್ಟಾಗಿ ಹಾಡುತ್ತಿಲ್ಲ, ಮರಿಗಳಿಗೆ ಉಣಿಸುವುದೇ ಕೆಲಸವಾಗಿದೆ ಎಂದು ಬರೆದಿದ್ದ. ಶಾಂಭವಿಗೆ ಸಂತೋಷವಾಯಿತು. ಅದರ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಸಣ್ಣ ಹೊಟ್ಟೆಕಿಚ್ಚೂ ಆಯಿತು. ಫೋಟೋವನ್ನು ಸುಧೀಂದ್ರರಿಗೆ ತೋರಿಸಿದಳು. ಅವರು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ಏಪ್ರಿಲ್ ಕೊನೆಯಲ್ಲಿ ಸುಧೀಂದ್ರ ತಂಗಿಯ ಮನೆಗೆಂದು ಗೌರಿಬಿದನೂರಿಗೆ ಹೊರಟರು. ತಂಗಿಗೆ ಮೊಣಕಾಲಿನ ಆಪರೇಷನ್, ಬೇಸಿಗೆ ಪೂರ್ತಿ ಅಲ್ಲೇ ಇರಬೇಕಾಗಬಹುದು. ಆಟೋ ಬಂದು ಬಾಗಿಲಲ್ಲಿ ಗುರುಗುಟ್ಟುತ್ತಾ ನಿಂತಿತು. ಅವರು ಬ್ಯಾಗು ಒಳಗಿಟ್ಟು ಹತ್ತಿ ಕೂತರು. ಗೇಟಿನ ಹತ್ತಿರ ನಿಂತಿದ್ದ ಶಾಂಭವಿಯ ತುಟಿ ಅಲುಗಿದ್ದು ಅವರಿಗೆ ಕಂಡಿತು. ಆಟೋದಿಂದ ಇಳಿದು, ಅವಳ ಹತ್ತಿರಕ್ಕೆ ಬಂದು ಕಿವಿ ಬಗ್ಗಿಸಿದರು.

“ಏನಂದ್ರಿ?”

“ಏನಿಲ್ಲ ಮೇಷ್ಟ್ರೇ. ಬೇಗ ಬನ್ನಿ ಅಂದೆ.”

“ಬರ್ತೀನಿ,” ಎಂದು ಸುಧೀಂದ್ರ ಮತ್ತೆ ಹೋಗಿ ಆಟೋ ಹತ್ತಿದರು. ಆಟೋ ತಿರುವಿನಲ್ಲಿ ಮರೆಯಾಯಿತು.

ಶಾಂಭವಿ ಗೇಟು ಹಾಕಿ ಒಳಗೆ ಬಂದಳು. ಮಹಡಿಯಲ್ಲೂ ಈಗ ಯಾರೂ ಇರಲಿಲ್ಲ. ಅಡುಗೆಮನೆಗೆ ಹೋಗಿ ತನ್ನೊಬ್ಬಳಿಗೆ ಅರ್ಧ ಪಾವು ಅಕ್ಕಿ ತೆಗೆದುಕೊಂಡು, ತೊಳೆದು, ಒಲೆಯ ಮೇಲಿಟ್ಟಳು.